ಮಂಜು ಮುಸುಕಿದ ಬೆಳಗಿನಲ್ಲಿ ಅಪ್ಪ ನಡೆಯಲು ಹೋಗುವುದನ್ನು ತಡೆಯಬೇಕೇ?

ಕಿಟಕಿಯ ಪಕ್ಕ:

ನಮ್ಮ ತಂದೆಯವರಿಗೆ ಈಗ 76 ವರ್ಷ. ನಿವೃತ್ತರಾದ ದಿನದಿಂದ, ಅಂದರೆ ಹದಿನಾರು ವರ್ಷಗಳಿಂದ, ಬೆಳಗಿನ ಐದೂವರೆಗೆ ಹೊರಟು ಮುಖ್ಯರಸ್ತೆಯ ಅಂಚಿನಲ್ಲಿ ಒಂದು ಗಂಟೆ ನಡೆದು ಬರುವುದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದಾರೆ. ರಕ್ತದೊತ್ತಡಕ್ಕೆ ಎರಡು ಮಾತ್ರೆಗಳಿವೆ. ಮೂರು ವರ್ಷಗಳ ಹಿಂದೆ ವೈದ್ಯರು ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಆರಂಭದ ಹಂತದಲ್ಲಿದೆ ಎಂದು ಹೇಳಿ ಇನ್‌ಹೇಲರ್ ಬರೆದುಕೊಟ್ಟಿದ್ದಾರೆ.

ಮೂರು ವಾರಗಳಿಂದ ಚಳಿ ಜೋರಾಗಿದೆ. ಬೆಳಗಿನ ಹೊತ್ತು ಮಂಜೋ ಹೊಗೆಯೋ ತಿಳಿಯದಂತಹ ಮಬ್ಬು ಕವಿದಿರುತ್ತದೆ. ನಡೆದು ಬಂದ ಮೇಲೆ ಮಧ್ಯಾಹ್ನದವರೆಗೂ ಅವರ ಕೆಮ್ಮು ನಿಲ್ಲುವುದಿಲ್ಲ. ನಾನು ಒಂದು ತಿಂಗಳ ಮಟ್ಟಿಗೆ ಹೋಗಬೇಡಿ ಎಂದು ಬೇಡಿಕೊಂಡೆ. ಅಣ್ಣ, ನಡಿಗೆ ನಿಲ್ಲಿಸಿದರೆ ಅವರು ಹಾಸಿಗೆ ಹಿಡಿಯುತ್ತಾರೆ ಎಂದು ನನ್ನ ಮೇಲೆಯೇ ರೇಗಿದ. ಅಪ್ಪ ಎರಡು ದಿನ ಮನೆಯಲ್ಲೇ ಉಳಿದರು, ಆ ಎರಡೂ ದಿನ ಯಾರೊಂದಿಗೂ ಮಾತನಾಡಲಿಲ್ಲ. ಮೂರನೆಯ ದಿನ ಶಾಲು ಹೊದ್ದು ಹೊರಟೇಬಿಟ್ಟರು. ಕಳೆದ ಬೇಸಿಗೆಯಲ್ಲಿ ಇದೇ ನಡಿಗೆಯಿಂದ ಬಂದು ಕುರ್ಚಿಯಿಂದ ಏಳುವಾಗ ತಲೆಸುತ್ತಿ ಬಿದ್ದಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ. ಕೆಟ್ಟ ಗಾಳಿಯಲ್ಲಿ ನಡೆಯುವುದು ಹೆಚ್ಚು ಅಪಾಯವೋ, ನಡೆಯುವುದನ್ನೇ ಬಿಡುವುದು ಹೆಚ್ಚು ಅಪಾಯವೋ? ಅನುಭವವುಳ್ಳವರು ದಯವಿಟ್ಟು ಹೇಳಿ.

ಮೂರನೆಯ ಮಹಡಿ:

ನಿಲ್ಲಿಸಬೇಡಿ. ನಮ್ಮ ಮಾವನವರಿಗೆ ಒಂದು ಚಳಿಗಾಲ ಕಾಳಜಿಯಿಂದಲೇ ಹೊರಗೆ ಹೋಗಬೇಡಿ ಎಂದೆವು. ಕೆಮ್ಮು ಕಡಿಮೆಯಾಯಿತು, ನಿಜ. ಆದರೆ ಮೂರು ತಿಂಗಳಾದ ಮೇಲೆ ಅವರು ಕೈ ಊರದೆ ಕುರ್ಚಿಯಿಂದ ಏಳಲಾರದವರಾದರು. ಆ ವಯಸ್ಸಿನಲ್ಲಿ ಕರಗಿದ ತೊಡೆಯ ಸ್ನಾಯು ಮತ್ತೆ ಬೆಳೆಯುವುದು ಬಹಳ ನಿಧಾನ. ನಿಮ್ಮ ಅಣ್ಣನ ಮಾತಿನಲ್ಲಿ ತಿರುಳಿದೆ.

ಉಸಿರು:

ಸಿಒಪಿಡಿ ಇರುವವರಿಗೆ ಇಂತಹ ಸಲಹೆ ಕೊಡುವ ಮೊದಲು ಯೋಚಿಸಬೇಕು. ಒಂದು ಕೆಟ್ಟ ವಾರ ಸಾಕು, ಆಸ್ಪತ್ರೆ ಸೇರುವುದಕ್ಕೆ.

ಮೋಡದ ಲೆಕ್ಕ:

ಹೋಗಬೇಕೋ ಬೇಡವೋ ಎಂದು ಜಗಳವಾಡುವ ಮೊದಲು ಅವರು ಹೋಗುತ್ತಿರುವ ಹೊತ್ತನ್ನು ನೋಡಿ. ನಾನು ಹವಾಮಾನದ ದಾಖಲೆಗಳ ಜೊತೆಗೆ ಕೆಲಸ ಮಾಡಿದವನು. ಚಳಿಗಾಲದ ನಿರಭ್ರ ರಾತ್ರಿಯಲ್ಲಿ ನೆಲವು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗನೆ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕು, ಇಲ್ಲಿ ಅದು ತಿರುವುಮುರುವಾಗಿರುತ್ತದೆ. ಇದನ್ನು ಉಷ್ಣಾಂಶದ ವಿಲೋಮ ಎನ್ನುತ್ತೇವೆ. ವಾಹನಗಳ ಹೊಗೆ, ಕಸ ಸುಟ್ಟ ಹೊಗೆ, ಒಲೆಯ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುತ್ತವೆ. ಬಿಸಿಲೇರಿ ನೆಲ ಕಾದ ಮೇಲೆಯೇ ಮುಚ್ಚಳ ಒಡೆದು ಹೊಗೆ ಚದುರುವುದು. ಅಂದರೆ ಬೆಳಗಿನ ಐದೂವರೆಯಿಂದ ಎಂಟರವರೆಗಿನ ಹೊತ್ತು, ನಾವೆಲ್ಲ ಶುದ್ಧ ಗಾಳಿಯ ಹೊತ್ತೆಂದು ನಂಬಿಕೊಂಡು ಬಂದಿರುವುದು, ಇಂತಹ ದಿನಗಳಲ್ಲಿ ಇಡೀ ದಿನದ ಅತ್ಯಂತ ಕೊಳಕು ಹೊತ್ತಾಗಿರಬಹುದು.

ಇನ್ನೊಂದು ಮಾತು. ಹಲವು ದೇಶಗಳಲ್ಲಿ ವಾಯು ಗುಣಮಟ್ಟ ಸೂಚ್ಯಂಕವನ್ನು 24 ಗಂಟೆಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ಆ ಸರಾಸರಿಯಲ್ಲಿ ಬೆಳಗಿನ ಶಿಖರ ಕರಗಿಹೋಗುತ್ತದೆ. ಪರದೆಯ ಮೇಲೆ ಸಾಧಾರಣ ಎಂದು ಕಂಡ ದಿನವೂ ಆ ಒಂದು ಗಂಟೆ ಸಾಧಾರಣವಾಗಿರಬೇಕಾಗಿಲ್ಲ. ಸಾಧ್ಯವಿದ್ದರೆ ಗಂಟೆಗಂಟೆಯ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳ, ಅಂಕಿಯನ್ನು ನೋಡಿ.

ಮೂರನೆಯ ಮಹಡಿ:

ಹಾಗಾದರೆ ಸಂಜೆ ಹೋಗಲಿ ಎನ್ನುತ್ತೀರಾ?

ಮೋಡದ ಲೆಕ್ಕ:

ಚಳಿಗಾಲದಲ್ಲಿ ಸಂಜೆಯೂ ಅಷ್ಟು ಒಳ್ಳೆಯದಲ್ಲ, ಸೂರ್ಯ ಮುಳುಗಿದ ಕೂಡಲೇ ಮುಚ್ಚಳ ಮತ್ತೆ ಕೂರಲಾರಂಭಿಸುತ್ತದೆ, ಅದೇ ಹೊತ್ತಿಗೆ ರಸ್ತೆಯಲ್ಲಿ ವಾಹನಗಳೂ ತುಂಬುತ್ತವೆ. ಬೆಳಗಿನ ಒಂಬತ್ತೂವರೆಯ ನಂತರ, ಅಥವಾ ಮಧ್ಯಾಹ್ನ ಮೂರರ ಸುಮಾರಿಗೆ ಹೋಗಲಿ. ಬೇಸಿಗೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಆಗ ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ನೆಲಮಟ್ಟದಲ್ಲಿ ಓಝೋನ್ ಉಂಟಾಗುತ್ತದೆ, ಅದು ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಅನಿಲವೇ ಮೂಗಿನ ಮಟ್ಟಕ್ಕೆ ಬಂದರೆ ಶ್ವಾಸನಾಳವನ್ನು ಕೆರಳಿಸುತ್ತದೆ. ಬೇಸಿಗೆಗೆ ಮುಂಜಾನೆಯೇ ಸರಿ.

ನಿವೃತ್ತ ದಾದಿ:

ಮೋಡದ ಲೆಕ್ಕ ಅವರು ಗಾಳಿಯ ಕಡೆಯಿಂದ ಹೇಳಿದರು, ನಾನು ದೇಹದ ಕಡೆಯಿಂದ ಹೇಳುತ್ತೇನೆ. ಮೂವತ್ತೆರಡು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಚಳಿಗಾಲದ ರಾತ್ರಿಪಾಳಿಗಳಲ್ಲಿ ಉಸಿರಿಗಾಗಿ ಹೋರಾಡುವ ವೃದ್ಧರ ಪಕ್ಕದಲ್ಲಿ ಕುಳಿತಿದ್ದೇನೆ.

ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮವಾದ ರೋಮಗಳಿವೆ. ಅವು ಧೂಳನ್ನು ಲೋಳೆಯ ಜೊತೆಗೆ ಮೇಲಕ್ಕೆ ತಳ್ಳುತ್ತವೆ, ನಾವು ಅದನ್ನು ಕೆಮ್ಮಿ ಹೊರಹಾಕುತ್ತೇವೆ. ವಯಸ್ಸಾದಂತೆ ಈ ರೋಮಗಳ ಚಲನೆ ನಿಧಾನವಾಗುತ್ತದೆ, ಕೆಮ್ಮಿನ ಪ್ರತಿಕ್ರಿಯೆಯೂ ಬಲ ಕಳೆದುಕೊಳ್ಳುತ್ತದೆ, ಎದೆಗೂಡು ಬಿಗಿಯುತ್ತದೆ. ಮೊಮ್ಮಗ ಒಂದು ದಿನದಲ್ಲಿ ಹೊರಹಾಕುವ ಧೂಳು ಅಜ್ಜನ ಎದೆಯಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಪಿಎಂ 2.5 ಎಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣ; ತಲೆಕೂದಲಿನ ದಪ್ಪ ಅದರ ಇಪ್ಪತ್ತು ಮೂವತ್ತು ಪಟ್ಟು. ಅದು ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿದು ಅಲ್ಲಿ ಉರಿಯೂತ ಹುಟ್ಟಿಸುತ್ತದೆ, ಅತಿ ಸಣ್ಣವು ರಕ್ತಕ್ಕೂ ದಾಟುತ್ತವೆ. ಆದ್ದರಿಂದ ಕೆಟ್ಟ ಗಾಳಿಯ ದಿನಗಳ ನಂತರ ಆಸ್ಪತ್ರೆಗೆ ಬರುವವರಲ್ಲಿ ಕೆಮ್ಮಿನವರು ಮಾತ್ರವಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನವರೂ ಇರುತ್ತಾರೆ. 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು ಮರೆವಿನ ಕಾಯಿಲೆಗೆ ಕಾರಣವಾಗುವ, ಆದರೆ ತಗ್ಗಿಸಬಹುದಾದ ಅಂಶಗಳ ಪಟ್ಟಿಗೆ ವಾಯುಮಾಲಿನ್ಯವನ್ನೂ ಸೇರಿಸಿತು.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎಂದಿತ್ತು. 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ದಿನದ ಸರಾಸರಿಗೆ 15 ಎಂದಿತು. ಕಡಿಮೆ ಮಟ್ಟದಲ್ಲಿಯೂ ಹಾನಿ ಕಾಣುತ್ತಿದೆ ಎಂಬುದೇ ಹೀಗೆ ಇಳಿಸಲು ಕಾರಣ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ಇಂತಹದೇ ಮುಚ್ಚಳ ಕೂತಿತ್ತು. ಸುಮಾರು 4,000 ಮಂದಿ ಸತ್ತರೆಂದು ಮೊದಲು ಲೆಕ್ಕ ಹಾಕಿದರು, ನಂತರದ ವಿಶ್ಲೇಷಣೆಗಳು ಅದನ್ನು 12,000ದವರೆಗೆ ಏರಿಸಿದವು. ಅವರಲ್ಲಿ ವೃದ್ಧರ ಪಾಲು ದೊಡ್ಡದು.

ಎರಡನೆಯ ಮಾತು:

ಲಂಡನ್ನಿನ ಉದಾಹರಣೆಯನ್ನು ಇಲ್ಲಿ ತರುವುದು ಸರಿಯಲ್ಲ ಎನಿಸುತ್ತದೆ. ಅದು ಕಲ್ಲಿದ್ದಲಿನ ಹೊಗೆ, ಗಂಧಕದ ಡೈಆಕ್ಸೈಡ್ ತುಂಬಿದ್ದ ಗಾಳಿ. ಇಂದಿನ ಮಬ್ಬಿನ ಬಹುಪಾಲು ಬೇರೆ ಮೂಲಗಳಿಂದ ಬರುತ್ತದೆ. ಜನರನ್ನು ಹೆದರಿಸಿದರೆ ಅವರು ಕೊನೆಗೆ ಕದ ಮುಚ್ಚಿ ಕೂರುತ್ತಾರೆ, ಅಷ್ಟೇ.

ನಿವೃತ್ತ ದಾದಿ:

ಮಿಶ್ರಣ ಬೇರೆ ಎಂಬುದನ್ನು ಒಪ್ಪುತ್ತೇನೆ. ಗಾಳಿ ಸುಧಾರಿಸಿದರೆ ಉಸಿರಾಟದ ಸಾವುಗಳು ತಗ್ಗುತ್ತವೆ ಎಂಬುದು ಮಾತ್ರ ಬದಲಾಗುವುದಿಲ್ಲ. 1990ರಲ್ಲಿ ಡಬ್ಲಿನ್ ನಗರದಲ್ಲಿ ಹೊಗೆ ಕಾರುವ ಕಲ್ಲಿದ್ದಲಿನ ಮಾರಾಟವನ್ನು ನಿಷೇಧಿಸಿದ ನಂತರ ಗಾಳಿಯ ಕಪ್ಪು ಹೊಗೆ ಬಹಳಷ್ಟು ಕಡಿಮೆಯಾಯಿತು, ಶ್ವಾಸಕೋಶದ ಕಾಯಿಲೆಗಳಿಂದಾಗುವ ಸಾವುಗಳೂ ಕಡಿಮೆಯಾದವು. ಹೃದಯದ ಸಾವುಗಳ ವಿಷಯದಲ್ಲಿ ಮೊದಲು ಹೇಳಿದಷ್ಟು ಸ್ಪಷ್ಟ ಇಳಿಕೆ ನಂತರದ ಮರುವಿಶ್ಲೇಷಣೆಯಲ್ಲಿ ಕಾಣಲಿಲ್ಲ ಎಂಬುದನ್ನೂ ನಾನೇ ಹೇಳಿಬಿಡುತ್ತೇನೆ. ಹೆದರಿಸುವುದು ನನ್ನ ಉದ್ದೇಶವಲ್ಲ.

ಉದ್ಯಾನದ ದಾರಿ:

ಪ್ರಶ್ನೆ ಕೇಳಿದವರು ಒಂದು ಮಾತನ್ನು ಹಾದುಹೋಗುವಂತೆ ಹೇಳಿದ್ದಾರೆ, ಯಾರೂ ಗಮನಿಸಲಿಲ್ಲ: ತಂದೆಯವರು ನಡೆಯುವುದು ಮುಖ್ಯರಸ್ತೆಯ ಅಂಚಿನಲ್ಲಿ. ಇಡೀ ಪ್ರಶ್ನೆಯ ಗಂಟು ಅಲ್ಲಿಯೇ ಇದೆ.

ಲಂಡನ್ನಿನಲ್ಲಿ ಅರವತ್ತು ದಾಟಿದ 119 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲವರು ಆರೋಗ್ಯವಂತರು, ಕೆಲವರು ಸಿಒಪಿಡಿ ಇದ್ದವರು, ಉಳಿದವರು ಹೃದಯದ ಕಾಯಿಲೆಯವರು. ಎಲ್ಲರೂ ಒಂದು ದಿನ ಎರಡು ಗಂಟೆ ಹೈಡ್ ಪಾರ್ಕಿನಲ್ಲಿ ನಡೆದರು, ಇನ್ನೊಂದು ದಿನ ಅಷ್ಟೇ ಹೊತ್ತು ಡೀಸೆಲ್ ವಾಹನಗಳಿಂದ ತುಂಬಿದ ಆಕ್ಸ್‌ಫರ್ಡ್ ರಸ್ತೆಯಲ್ಲಿ ನಡೆದರು. ಉದ್ಯಾನದಲ್ಲಿ ನಡೆದಾಗ ಆರೋಗ್ಯವಂತರ ಶ್ವಾಸಕೋಶದ ಕಾರ್ಯ ಸುಧಾರಿಸಿತು, ರಕ್ತನಾಳಗಳ ಬಿಗಿತ ತಗ್ಗಿತು. ರಸ್ತೆಯಲ್ಲಿ ನಡೆದಾಗ ಆ ಲಾಭದ ಬಹುಪಾಲು ಕಳೆದುಹೋಯಿತು, ಸಿಒಪಿಡಿ ಇದ್ದವರಿಗೆ ಕೆಮ್ಮು ಮತ್ತು ಏದುಸಿರು ಹೆಚ್ಚಾಯಿತು. ಅದೇ ಕಾಲು, ಅದೇ ಹೃದಯ, ಅಷ್ಟೇ ಹೊತ್ತು; ಬದಲಾಗಿದ್ದು ದಾರಿ ಮಾತ್ರ.

ಎರಡನೆಯ ಮಾತು:

ಇದಕ್ಕೆ ಎದುರಾದ ಅಧ್ಯಯನವೂ ಇದೆ. ಡೆನ್ಮಾರ್ಕಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಲವು ವರ್ಷ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಹನಮಾಲಿನ್ಯ ಹೆಚ್ಚಿರುವ ಕಡೆ ವಾಸಿಸುವವರಿಗೂ ವ್ಯಾಯಾಮದಿಂದ ಆಯುಸ್ಸಿನ ಲಾಭ ದೊರಕಿತ್ತು. ಆದ್ದರಿಂದ ಗಾಳಿಯ ನೆಪದಲ್ಲಿ ವ್ಯಾಯಾಮ ಬಿಡಬಾರದು ಎಂಬುದೇ ನನ್ನ ವಾದ.

ಉದ್ಯಾನದ ದಾರಿ:

ಆ ಅಧ್ಯಯನಕ್ಕೆ ಸೇರಿಕೊಂಡವರ ವಯಸ್ಸು 50ರಿಂದ 65. ಅಲ್ಲಿನ ಗಾಳಿಯ ಮಾಲಿನ್ಯವೂ ಜಗತ್ತಿನ ಅನೇಕ ನಗರಗಳಿಗಿಂತ ಬಹಳ ಕಡಿಮೆ. 76 ವರ್ಷದ, ಸಿಒಪಿಡಿ ಇರುವ ವ್ಯಕ್ತಿಗೆ ಅದನ್ನು ನೇರವಾಗಿ ಅನ್ವಯಿಸುವುದು ಹೇಗೆ?

ಎರಡನೆಯ ಮಾತು:

ವಯಸ್ಸಿನ ಮಾತು ಸರಿ, ಒಪ್ಪಿದೆ. ವ್ಯಾಯಾಮ ಬಿಡಬಾರದು ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಕಿಟಕಿಯ ಪಕ್ಕ:

ಎಲ್ಲರಿಗೂ ಧನ್ಯವಾದ. ಮುಖ್ಯರಸ್ತೆಯನ್ನು ಅವರು ಆರಿಸಿಕೊಂಡಿದ್ದು ಅಲ್ಲಿ ದೀಪಗಳಿವೆ ಎಂಬ ಕಾರಣಕ್ಕೆ. ಐದೂವರೆಗೆ ಒಳದಾರಿಗಳು ಕತ್ತಲೆಯಾಗಿರುತ್ತವೆ. ಮಾಸ್ಕ್ ಹಾಕಿಕೊಳ್ಳಿ ಎಂದರೆ ಕನ್ನಡಕದ ಮೇಲೆ ಆವಿ ಕೂರುತ್ತದೆ, ದಾರಿ ಕಾಣುವುದಿಲ್ಲ ಎನ್ನುತ್ತಾರೆ.

ಉಸಿರು:

ಕನ್ನಡಕಕ್ಕೆ ಆವಿ ಬರುತ್ತಿದೆ ಎಂದರೆ ಮಾಸ್ಕ್ ಮೂಗಿನ ಬಳಿ ಸರಿಯಾಗಿ ಕೂತಿಲ್ಲ ಎಂದೇ ಅರ್ಥ, ಅದೇ ಸಂದಿಯಿಂದ ಹೊಗೆಯೂ ಒಳಗೆ ಬರುತ್ತದೆ. ಬಟ್ಟೆಯ ಮಾಸ್ಕ್ ಅಥವಾ ಸಡಿಲವಾದ ಶಸ್ತ್ರಚಿಕಿತ್ಸೆಯ ಮಾಸ್ಕ್ ಈ ಸೂಕ್ಷ್ಮ ಕಣಗಳಿಗೆ ಸಾಲುವುದಿಲ್ಲ. ಎನ್95 ಮಾದರಿಯದು, ಮುಖಕ್ಕೆ ಬಿಗಿಯಾಗಿ ಕೂತರೆ, ಶೇಕಡಾ 95ರಷ್ಟು ಕಣಗಳನ್ನು ತಡೆಯುತ್ತದೆ. ಓಝೋನ್‌ನಂತಹ ಅನಿಲಗಳನ್ನು ತಡೆಯುವುದಿಲ್ಲ. ಆದರೆ ಬಿಗಿಯಾದ ಮಾಸ್ಕಿನೊಳಗೆ ಉಸಿರೆಳೆಯಲು ಹೆಚ್ಚು ಶ್ರಮ ಬೇಕು. ನನಗೂ ಸಿಒಪಿಡಿ ಇದೆ, ಅದನ್ನು ಹಾಕಿಕೊಂಡು ಏರುದಾರಿ ಹತ್ತಲು ನನ್ನಿಂದ ಆಗುವುದಿಲ್ಲ. ಅವರ ವೈದ್ಯರನ್ನು ಕೇಳಿದ ಮೇಲೆಯೇ ತೀರ್ಮಾನಿಸಿ.

ಹಳೆಯ ನೋಟ್‌ಬುಕ್:

ಇಲ್ಲಿಯವರೆಗಿನ ಮಾತೆಲ್ಲ ಗಾಳಿಯ ಮೇಲೆಯೇ ನಿಂತಿದೆ, ಚಳಿಯ ಬಗ್ಗೆ ಯಾರೂ ಹೇಳಿಲ್ಲ. ಮೈಗೆ ಚಳಿ ತಾಗಿದ ಕೂಡಲೇ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಹೆಚ್ಚುತ್ತದೆ. ಬಿಸಿಲಿನ ಹಾನಿ ಅದೇ ದಿನ ಅಥವಾ ಮರುದಿನ ಕಾಣಿಸುತ್ತದೆ. ಚಳಿಯ ಹಾನಿ ಹಾಗಲ್ಲ, ಎರಡು ಮೂರು ವಾರಗಳವರೆಗೂ ಎಳೆದುಕೊಂಡು ಬರುತ್ತದೆ. ಆದ್ದರಿಂದ ಚಳಿ ಇಳಿದ ಮೇಲೆ ಬಂದ ಹೃದಯಾಘಾತವನ್ನು ಚಳಿಗೆ ಯಾರೂ ಜೋಡಿಸುವುದಿಲ್ಲ.

ನನ್ನ ತಾಯಿಯ ವಿಷಯ ಹೇಳುತ್ತೇನೆ, ಏಕೆಂದರೆ ನಿಮ್ಮ ತಂದೆಯವರು ಬೇಸಿಗೆಯಲ್ಲಿ ಬಿದ್ದ ಮಾತು ಓದಿದಾಗ ನನಗೆ ಅದೇ ನೆನಪಾಯಿತು. ಅಮ್ಮನ ಬಿಪಿಯನ್ನು ನಾನು ಆರು ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬೇಸಿಗೆಯಲ್ಲಿ ಮೇಲಿನ ಅಂಕಿ 126, 128ರ ಸುತ್ತ ಇರುತ್ತಿತ್ತು, ಚಳಿಗಾಲ ಬಂದರೆ 145ರವರೆಗೆ ಏರುತ್ತಿತ್ತು. ಒಂದು ಚಳಿಗಾಲದಲ್ಲಿ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅದು ಸರಿಯೇ ಆಗಿತ್ತು. ತಪ್ಪು ನಡೆದಿದ್ದು ಆಮೇಲೆ: ಬೇಸಿಗೆ ಬಂದಾಗ ಆ ಪ್ರಮಾಣವನ್ನು ಮತ್ತೆ ನೋಡಿಸಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ಬಿಸಿಲಿಗೆ ರಕ್ತನಾಳಗಳು ತಾವಾಗಿಯೇ ಹಿಗ್ಗಿದ್ದವು, ಬೆವರಿನಿಂದ ನೀರು ಹೋಗಿತ್ತು, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ. ಬಚ್ಚಲಿನಿಂದ ಬರುವಾಗ ಕುಸಿದು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರು ಮತ್ತೆ ಹಿಂದಿನಂತೆ ನಡೆಯಲಿಲ್ಲ. ಹತ್ತು ವರ್ಷವಾದರೂ ಆ ನೋಟ್‌ಬುಕ್ ತೆರೆದಾಗ ಆ ಒಂದು ಪುಟದಲ್ಲಿ ಕಣ್ಣು ನಿಲ್ಲುತ್ತದೆ, ಅಲ್ಲಿ 98 ಎಂದು ನಾನೇ ಬರೆದಿದ್ದೇನೆ, ಬರೆದು ಸುಮ್ಮನಾಗಿದ್ದೇನೆ.

ಮಾತ್ರೆಯನ್ನು ನೀವಾಗಿ ಕಡಿಮೆ ಮಾಡಬೇಡಿ, ನಿಲ್ಲಿಸಲೂ ಬೇಡಿ. ಋತು ಬದಲಾದಾಗಲೆಲ್ಲ ಒಂದು ವಾರದ ಅಂಕಿಗಳನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಕುಳಿತಾಗಿನದು ಮಾತ್ರ ಸಾಲದು, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಗಳಾದ ಮೇಲಿನದನ್ನೂ ಬರೆಯಿರಿ.

ಕಿಟಕಿಯ ಪಕ್ಕ:

ಅಪ್ಪನ ಎರಡು ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವುದೇ. ಎರಡು ವರ್ಷಗಳಿಂದ ಯಾರೂ ಅದನ್ನು ಮರುಪರಿಶೀಲಿಸಿಲ್ಲ. ನಿಮ್ಮ ತಾಯಿಯವರ ವಿಷಯ ಓದಿ ಮನಸ್ಸು ಭಾರವಾಯಿತು. ಬರೆದುದಕ್ಕೆ ನಮಸ್ಕಾರ.

ನಿವೃತ್ತ ದಾದಿ:

ಹಳೆಯ ನೋಟ್‌ಬುಕ್ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ಮನಸ್ಸು ಕೇಳುವುದಿಲ್ಲ. ಬೆವರುವುದೂ ಕಡಿಮೆ. ಹೀಗಾಗಿ ಬಿಸಿಲಿನ ದಿನಗಳಲ್ಲಿ ವೃದ್ಧರು ಇದ್ದಕ್ಕಿದ್ದಂತೆ ಸಂಬಂಧವಿಲ್ಲದ ಮಾತನಾಡಿದರೆ, ಹೊತ್ತು ಗೊತ್ತು ಮರೆತರೆ, ಮನೆಯವರು ಅರವತ್ತಕ್ಕೆ ಅರಳು ಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಅದು ಉಷ್ಣಾಘಾತದ ಮೊದಲ ಲಕ್ಷಣವಾಗಿರಬಹುದು. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತುರ್ತುಸ್ಥಿತಿ. ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತಲೇ ಆಂಬ್ಯುಲೆನ್ಸ್ ಕರೆಯಬೇಕು. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬೇಡಿ. ಇನ್ನು, ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯಕ್ಕಾಗಿ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿಯ ಬಗ್ಗೆ ಬೇಸಿಗೆಗೆ ಮೊದಲೇ ಕೇಳಿಟ್ಟುಕೊಳ್ಳಬೇಕು.

ಮೂರನೆಯ ಮಹಡಿ:

ಫ್ಯಾನ್ ಹಾಕಿಟ್ಟರೆ ಸಾಲದೇ?

ಮೋಡದ ಲೆಕ್ಕ:

ಗಾಳಿಯೇ ಮೈಗಿಂತ ಬಿಸಿಯಾಗಿದ್ದಾಗ ಫ್ಯಾನ್ ಆ ಬಿಸಿಯನ್ನೇ ಮೈಮೇಲೆ ಊದುತ್ತದೆ. ಕೋಣೆಯ ಉಷ್ಣತೆ 40 ಡಿಗ್ರಿಗಿಂತ ಕಡಿಮೆ ಇದ್ದಾಗ ಮಾತ್ರ ಫ್ಯಾನ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಡಿಮೆ ಬೆವರುವ ವೃದ್ಧರಿಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿ ಆಮೇಲೆ ಫ್ಯಾನ್ ಹಾಕುವುದು ಮೇಲು.

2003ರ ಬೇಸಿಗೆಯ ಬಿಸಿಗಾಳಿಯಲ್ಲಿ ಯುರೋಪಿನಾದ್ಯಂತ 70,000ಕ್ಕೂ ಹೆಚ್ಚು ಮಂದಿ ಸತ್ತರು, ಫ್ರಾನ್ಸ್ ಒಂದರಲ್ಲಿಯೇ ಆಗಸ್ಟ್ ತಿಂಗಳ ಮೊದಲ ಮೂರು ವಾರಗಳಲ್ಲಿ ಸುಮಾರು 15,000. ಹೆಚ್ಚಿನವರು ಎಪ್ಪತ್ತೈದು ದಾಟಿದವರು. ರಾತ್ರಿಯೂ ತಣ್ಣಗಾಗದಿದ್ದುದು ಆ ದಿನಗಳನ್ನು ಅಷ್ಟು ಕ್ರೂರವಾಗಿಸಿತು, ದೇಹಕ್ಕೆ ಚೇತರಿಸಿಕೊಳ್ಳಲು ಒಂದು ಗಳಿಗೆಯೂ ಸಿಗಲಿಲ್ಲ. 1995ರ ಜುಲೈನಲ್ಲಿ ಷಿಕಾಗೊ ನಗರದಲ್ಲಿ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಮಂದಿ ಹೋದರು. ಅಲ್ಲಿ ನಂತರ ವಿಚಾರಿಸಿದಾಗ ಕಂಡದ್ದು ಇದು: ಒಂಟಿಯಾಗಿದ್ದವರು, ಮನೆಯಿಂದ ಹೊರಗೆ ಹೋಗುವ ರೂಢಿಯೇ ಇಲ್ಲದವರು ಹೆಚ್ಚು ಸತ್ತಿದ್ದರು, ಹತ್ತಿರದಲ್ಲಿ ಸ್ನೇಹಿತರಿದ್ದವರು ಹೆಚ್ಚು ಉಳಿದಿದ್ದರು.

ಮಂಡಿನೋವು:

ವಿಷಯ ಹವೆಗೆ ಬಂದುದರಿಂದ ಕೇಳುತ್ತೇನೆ. ಮಳೆ ಬರುವ ಹಿಂದಿನ ದಿನವೇ ನನ್ನ ಮಂಡಿ ನೋಯುತ್ತದೆ. ಮಕ್ಕಳು ಇದು ಭ್ರಮೆ ಎನ್ನುತ್ತಾರೆ.

ಎರಡನೆಯ ಮಾತು:

ಮಕ್ಕಳ ಕಡೆಗೆ ಒಂದು ಸಾಕ್ಷ್ಯವಿದೆ. ಅಮೆರಿಕದಲ್ಲಿ 65 ದಾಟಿದವರು ವೈದ್ಯರನ್ನು ಕಂಡ ಒಂದು ಕೋಟಿಗೂ ಹೆಚ್ಚು ಭೇಟಿಗಳನ್ನು ಮಳೆಯ ದಾಖಲೆಯ ಜೊತೆಗೆ ಹೋಲಿಸಿದಾಗ ಮಳೆಯ ದಿನಗಳಲ್ಲಿ ಕೀಲುನೋವಿನ ದೂರುಗಳು ಹೆಚ್ಚಿರಲಿಲ್ಲ. ಅದು 2017ರಲ್ಲಿ ಪ್ರಕಟವಾಯಿತು.

ಹಳೆಯ ನೋಟ್‌ಬುಕ್:

ನೋವು ಬಂದ ದಿನವೇ ಯಾರೂ ವೈದ್ಯರ ಬಳಿಗೆ ಓಡುವುದಿಲ್ಲವಲ್ಲ! ಆ ಅಧ್ಯಯನ ಅಳೆದದ್ದು ಭೇಟಿಗಳನ್ನು, ನೋವನ್ನಲ್ಲ. ಬ್ರಿಟನ್ನಿನಲ್ಲಿ ದೀರ್ಘಕಾಲದ ನೋವಿರುವ 2,658 ಮಂದಿ ತಮ್ಮ ನೋವನ್ನು ಫೋನಿನಲ್ಲಿ ಪ್ರತಿದಿನ ದಾಖಲಿಸಿದರು. 2019ರಲ್ಲಿ ಬಂದ ಅದರ ಫಲಿತಾಂಶದಲ್ಲಿ ತೇವ ಹೆಚ್ಚಿದ, ವಾಯುಭಾರ ಕುಸಿದ, ಗಾಳಿ ಬೀಸುವ ದಿನಗಳಿಗೂ ನೋವಿಗೂ ನಂಟು ಕಂಡಿತು. ನಂಟು ಸಣ್ಣದು, ಆದರೆ ಇದೆ. ನಿಮ್ಮ ಮಂಡಿ ಸುಳ್ಳು ಹೇಳುತ್ತಿಲ್ಲ.

ಒಲೆಯ ಮುಂದೆ:

ಮನೆಯೊಳಗೆ ಕೂರಿಸಿದರೆ ಕ್ಷೇಮ ಎಂಬ ನಂಬಿಕೆಯನ್ನು ಯಾರಾದರೂ ಪ್ರಶ್ನಿಸಲೇಬೇಕು. ಮನೆಯಲ್ಲಿ ಒಬ್ಬರು ಸಿಗರೇಟು ಸೇದುತ್ತಿದ್ದರೆ, ಹೊಗೆ ಹೋಗುವ ದಾರಿಯಿಲ್ಲದ ಅಡುಗೆಮನೆಯಿದ್ದರೆ, ಒಳಗಿನ ಗಾಳಿ ರಸ್ತೆಯದಕ್ಕಿಂತ ಕೆಟ್ಟದಾಗಿರಬಹುದು. ಚಳಿಯೆಂದು ಎಲ್ಲ ಕಿಟಕಿಗಳನ್ನೂ ಮುಚ್ಚಿ ಕೋಣೆಯಲ್ಲಿ ಕೆಂಡ ಉರಿಸುವುದಂತೂ ಪ್ರಾಣಕ್ಕೇ ಅಪಾಯ: ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಹೊರಗಿನ ಗಾಳಿ ತಿಳಿಯಾದ ಹೊತ್ತಿನಲ್ಲಿ ಕಿಟಕಿಗಳನ್ನು ತೆರೆದು, ಮಬ್ಬಿನ ಹೊತ್ತಿನಲ್ಲಿ ಮುಚ್ಚುವುದು ಖರ್ಚಿಲ್ಲದ ಉಪಾಯ. ಅನುಕೂಲವಿದ್ದರೆ ಮಲಗುವ ಕೋಣೆಗೆ ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಶೋಧಕವಿರುವ ಯಂತ್ರವನ್ನು ಇಡಬಹುದು, ಆದರೆ ಕೋಣೆಯ ಅಳತೆಗೆ ಅದು ಸಾಲಬೇಕು. ಚಳಿಗಾಲದಲ್ಲಿ ಮನೆಯೊಳಗಿನ ಉಷ್ಣತೆ 18 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ವೃದ್ಧರಿರುವ ಮನೆಗೆ ಅದಕ್ಕಿಂತ ತುಸು ಹೆಚ್ಚೇ ಬೇಕು.

ಎಪ್ಪತ್ತೆಂಟು:

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ವಯಸ್ಸು ನನ್ನ ಹೆಸರಿನಲ್ಲಿಯೇ ಇದೆ. ನೀವೆಲ್ಲ ಒಳ್ಳೆಯ ಮನಸ್ಸಿನಿಂದ ಬರೆಯುತ್ತಿದ್ದೀರಿ, ಕಲಿತದ್ದೂ ಬಹಳ. ಆದರೆ ಅಷ್ಟೂ ಉತ್ತರಗಳಲ್ಲಿ ಒಬ್ಬರಾದರೂ, ಆ ಹಿರಿಯರು ಐದೂವರೆಗೇ ಏಕೆ ಹೋಗುತ್ತಾರೆ ಎಂದು ಕೇಳಲಿಲ್ಲ.

ನಾನು ಹೇಳಲೇ? ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನು ಬೆಳಗಿನ ನಡಿಗೆಗೆ ಹೋಗತೊಡಗಿದ್ದು ಆರೋಗ್ಯಕ್ಕಾಗಿ ಅಲ್ಲ. ಆ ಹೊತ್ತಿಗೆ ಅಲ್ಲಿ ನಾಲ್ಕು ಜನ ಇರುತ್ತಿದ್ದರು. ಅವರಲ್ಲೊಬ್ಬರು ನಾನು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನನ್ನನ್ನು ಯಾರದೋ ತಂದೆ, ಯಾರದೋ ಅಜ್ಜ ಎಂದಲ್ಲದೆ ಹೆಸರಿಡಿದು ಕರೆಯುವ ಒಂದೇ ಗಂಟೆ ಅದು. ಮಕ್ಕಳು ಅದನ್ನು ನಿಲ್ಲಿಸಿ ಎಂದಾಗ ಅವರು ನನ್ನಿಂದ ಏನನ್ನು ಕಿತ್ತುಕೊಳ್ಳುತ್ತಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ, ಹೇಳಲು ನನಗೂ ಬಾಯಿ ಬರಲಿಲ್ಲ. ನಿಮ್ಮ ತಂದೆಯವರು ಎರಡು ದಿನ ಮಾತನಾಡದೆ ಕೂತದ್ದು ಹಟದಿಂದ ಎಂದುಕೊಳ್ಳಬೇಡಿ. ಹೋಗಬೇಡಿ ಎನ್ನುವ ಮೊದಲು ಅವರ ಪಕ್ಕದಲ್ಲಿ ಕುಳಿತು ಕೇಳಿ.

ಕಿಟಕಿಯ ಪಕ್ಕ:

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಇಂದು ಸಂಜೆ ಕೇಳುತ್ತೇನೆ.

ಉದ್ಯಾನದ ದಾರಿ:

ಹಿರಿಯರ ಮಾತಿನ ನಂತರ ಬರೆಯಲು ಸಂಕೋಚವಾಗುತ್ತದೆ, ಆದರೂ ಉಪಯೋಗಕ್ಕೆ ಬರಬಹುದೆಂದು ಹೇಳುತ್ತೇನೆ. ಗಾಳಿ ತೀರಾ ಕೆಟ್ಟ ದಿನಗಳಿಗೆ ಮನೆಯೊಳಗಿನ ವ್ಯಾಯಾಮವೊಂದು ಸಿದ್ಧವಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ, ಮೂರು ದಿನವಾದರೂ ಸಮತೋಲನ ಮತ್ತು ಬಲ ಬೆಳೆಸುವ ವ್ಯಾಯಾಮ ಇರಬೇಕು ಎಂದಿದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಯ ಪಕ್ಕ ಒಂಟಿಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು ಸಾಕು. ಬರಿಯ ನಡಿಗೆ ಬೀಳುವುದನ್ನು ಅಷ್ಟಾಗಿ ತಡೆಯುವುದಿಲ್ಲ, ಸಮತೋಲನದ ಅಭ್ಯಾಸ ತಡೆಯುತ್ತದೆ.

ಉಸಿರು:

ಫ್ಲೂ ಮತ್ತು ನ್ಯುಮೋನಿಯಾದ ಲಸಿಕೆ ಹಾಕಿಸಬೇಕೇ ಎಂದೂ ವೈದ್ಯರನ್ನು ಕಂಡಾಗ ಕೇಳಿ. ಇನ್‌ಹೇಲರ್ ಬಳಸುವ ರೀತಿಯನ್ನು ಅವರ ಎದುರಿಗೇ ಮಾಡಿ ತೋರಿಸಲಿ. ನಾನು ಎರಡು ವರ್ಷ ತಪ್ಪಾಗಿ ಎಳೆದುಕೊಳ್ಳುತ್ತಿದ್ದೆ, ಔಷಧವೆಲ್ಲ ಗಂಟಲಿನಲ್ಲಿಯೇ ಉಳಿಯುತ್ತಿತ್ತು.

ಕಿಟಕಿಯ ಪಕ್ಕ:

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ.

ಎಪ್ಪತ್ತೆಂಟು ಅವರು ಹೇಳಿದ್ದು ನಿಜವಾಗಿತ್ತು. ಅಪ್ಪನ ಜೊತೆಗೆ ಐದು ಮಂದಿ ನಡೆಯುತ್ತಾರೆ, ಅವರಲ್ಲಿ ಇಬ್ಬರ ಹೆಸರನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ಮೋಡದ ಲೆಕ್ಕ ಅವರು ಬರೆದ ಮುಚ್ಚಳದ ವಿಷಯವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಮರುದಿನ ತಮ್ಮ ಗುಂಪಿಗೆ ಅದನ್ನು ವಿವರಿಸಿದರಂತೆ, ಮೇಷ್ಟರಾಗಿದ್ದವರಲ್ಲವೇ. ಈಗ ನಾಲ್ಕು ಮಂದಿ ಬೆಳಗಿನ ಒಂಬತ್ತೂವರೆಗೆ ಹೊರಡುತ್ತಾರೆ. ಬೆಳಕಿರುವುದರಿಂದ ಮುಖ್ಯರಸ್ತೆಯನ್ನು ಬಿಟ್ಟು ಮರಗಳಿರುವ ಒಳದಾರಿಯಲ್ಲಿ ನಡೆಯುತ್ತಾರೆ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಧ್ಯಾಹ್ನದವರೆಗೆ ಎಳೆಯುವುದಿಲ್ಲ.

ಒಂದು ವಾರದ ಬಿಪಿ ಅಂಕಿಗಳನ್ನು ಬರೆದುಕೊಂಡು ಹೋದೆವು. ಎದ್ದು ನಿಂತಾಗ ಮೇಲಿನ ಅಂಕಿ ಇಪ್ಪತ್ತಕ್ಕೂ ಹೆಚ್ಚು ಇಳಿಯುತ್ತಿತ್ತು. ವೈದ್ಯರು ಒಂದು ಮಾತ್ರೆಯನ್ನು ಬದಲಾಯಿಸಿದ್ದಾರೆ, ಬೇಸಿಗೆ ಆರಂಭವಾದ ಕೂಡಲೇ ಮತ್ತೆ ಬರಲು ಹೇಳಿದ್ದಾರೆ. ಇನ್‌ಹೇಲರ್ ವಿಷಯದಲ್ಲಿಯೂ ಉಸಿರು ಅವರ ಊಹೆ ಸರಿಯಾಗಿತ್ತು. ಅಣ್ಣ ಮತ್ತು ನಾನು ಈಗ ಮಾತನಾಡುತ್ತಿದ್ದೇವೆ.

ಎರಡನೆಯ ಮಾತು:

ನಡಿಗೆ ಉಳಿಯಿತಲ್ಲ, ನನಗೆ ಅಷ್ಟು ಸಾಕು.

ಎಪ್ಪತ್ತೆಂಟು:

ಐವರಲ್ಲಿ ನಾಲ್ವರು ಬಂದರು ಎಂದಿದ್ದೀರಿ. ಐದನೆಯವರು?

ಕಿಟಕಿಯ ಪಕ್ಕ:

ಅವರಿಗೆ ಎಂಬತ್ತೊಂದು, ಒಬ್ಬರೇ ಇರುತ್ತಾರೆ. ಎಷ್ಟು ಹೇಳಿದರೂ ಐದೂವರೆಯನ್ನು ಬಿಡಲು ಒಪ್ಪಲಿಲ್ಲ. ಅವರು ಮನೆಗೆ ಮರಳುವ ಹೊತ್ತಿಗೆ, ಅಂದರೆ ಆರೂಮುಕ್ಕಾಲಿಗೆ, ಅಪ್ಪ ದಿನವೂ ಫೋನ್ ಮಾಡುತ್ತಾರೆ. ನಿನ್ನೆ ಮೂರು ಸಲ ಕರೆದರೂ ಎತ್ತಲಿಲ್ಲ. ಅಪ್ಪ ಶಾಲು ಹೊದ್ದು ಹೊರಟರು, ಈ ಸಲ ನಾನು ತಡೆಯಲಿಲ್ಲ, ಜೊತೆಗೆ ಹೋದೆ. ಅವರು ಫೋನನ್ನು ಒಳಗೆ ಬಿಟ್ಟು ಜಗಲಿಯ ಬಿಸಿಲಿನಲ್ಲಿ ಕುಳಿತಿದ್ದರು. ಮುಂದಿನ ವಾರದಿಂದ ಒಂಬತ್ತೂವರೆಗೆ ಬರುವ ಬಗ್ಗೆ ಯೋಚಿಸುತ್ತೇನೆ ಎಂದಿದ್ದಾರೆ.